ಅವ್ವನ ಮಾತನ್ನು ನಾನಾಡಿದ ವರ್ಷಗಳು

ಅವ್ವನ ಧ್ವನಿ ಹೋದಾಗ ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದೆ. ಅಲ್ಲಿಯವರೆಗೆ ನಮ್ಮದು ಗದ್ದಲದ ಮನೆ. ಗೊಳಸಂಗಿಯ ಆಚೆ ಡಾಂಬರು ರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುವ ಸಣ್ಣ ಊರು, ಸುತ್ತ ಕರಿಮಣ್ಣಿನ ಎರೆ ಹೊಲ, ಅದರ ನಡುವೆ ಮಣ್ಣಿನ ಮಾಳಿಗೆಯ ಮನೆಗಳು. ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಎಮ್ಮೆ ಕಟ್ಟುವ ತಗ್ಗಿನ ಜಾಗ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ಬಿದ್ದು, ಬೆಳಿಗ್ಗೆ ರೊಟ್ಟಿ ಬುಟ್ಟಿಯ ಮೇಲಿದ್ದದ್ದು ಮಧ್ಯಾಹ್ನದ ಹೊತ್ತಿಗೆ ನೀರಿನ ಕೊಡದ ಹತ್ತಿರ ಬಂದಿರುತ್ತಿತ್ತು. ಆ ಮನೆಯಲ್ಲಿ ಇದ್ದವರು ನಾನು, ಅವ್ವ, ಅಪ್ಪನ ತಾಯಿ ಆಯಿ. ನನಗೆ ಒಡಹುಟ್ಟಿದವರಿಲ್ಲ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಮುದ್ದೇಬಿಹಾಳದಿಂದ ಅವನ ಡ್ಯೂಟಿ. ನಾಲ್ಕೈದು ದಿನಕ್ಕೊಮ್ಮೆ ಬಂದು, ಉಂಡು, ಮಲಗಿ, ಮತ್ತೆ ಹೋಗಿಬಿಡುತ್ತಿದ್ದ. ಆಯಿಗೆ ನಾನು ಹುಟ್ಟುವ ಮೊದಲೇ ಕಿವಿ ಮಂದವಾಗಿದ್ದವು. ಅವ್ವ ಸಿಂದಗಿ ಕಡೆಯ ದೇವಣಗಾಂವದವಳು, ಹೊಲದಲ್ಲೇ ಮನೆ ಮಾಡಿಕೊಂಡಿದ್ದವರ ಮಗಳು. ಹೊಲದ ಆ ತುದಿಯಲ್ಲಿದ್ದವರನ್ನು ಈ ತುದಿಯಿಂದ ಕೂಗಿ ಕರೆದು ಬೆಳೆದ ಗಂಟಲು ಅದು. ಅವಳು ಹಾಡುತ್ತಿರಲಿಲ್ಲ. ಅವಳ ಧ್ವನಿಯನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಎಮ್ಮೆ ಗದರಿಸಲು, ಅಂಗಡಿಯವನೊಡನೆ ವಾದಿಸಲು, ನನ್ನನ್ನು ಎಬ್ಬಿಸಲು, ಆಯಿಯ ಕಿವಿಗೆ ಊಟದ ಸುದ್ದಿ ಮುಟ್ಟಿಸಲು ಇದ್ದ ಧ್ವನಿ. ನಮ್ಮ ಬಾಗಿಲಲ್ಲಿ ನಿಂತು ಅವಳು ನೀಲಾ ಎಂದರೆ ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಆಡುತ್ತಿದ್ದ ನಾನು ತಿರುಗಿ ನೋಡುತ್ತಿದ್ದೆ.

ಅವಳ ಗಂಟಲ ಮುಂದೆ ಒಂದು ಗಂಟು ಎದ್ದಿತ್ತು. ಮೊದಲು ನೆಲ್ಲಿಕಾಯಿಯಷ್ಟಿತ್ತು, ಬರಬರುತ್ತ ನಿಂಬೆಹಣ್ಣಿನಷ್ಟಾಯಿತು. ಜನರೆದುರು ಸೆರಗು ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ತುತ್ತು ನುಂಗಿದರೆ ಆ ಗಂಟು ಮೇಲೆ ಹೋಗಿ ಕೆಳಗಿಳಿಯುವುದನ್ನು ನಾನು ಉಣ್ಣುವುದು ಬಿಟ್ಟು ನೋಡುತ್ತಿದ್ದೆ. ಮಲಗಿದರೆ ಉಸಿರಿಗೆ ತ್ರಾಸಾಗತೊಡಗಿದ ಮೇಲೆ ಅಪ್ಪ ರಜೆ ಹಾಕಿ ಅವಳನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ. ಆಪರೇಷನ್ ಆಯಿತು. ತಿರುಗಿ ಬಂದಾಗ ಅವಳ ಕೊರಳಿಗೆ ಬಿಳಿ ಪಟ್ಟಿ ಇತ್ತು, ಮುಖ ಸಣ್ಣದಾಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಕಂಡು ಬಾಯಿ ತೆರೆದಳು. ತುಟಿಗಳು ನನ್ನ ಹೆಸರನ್ನೇ ಹೇಳಿದವು, ಬಂದದ್ದು ಮಾತ್ರ ಬರೀ ಉಸಿರು. ಅವಳಿಗೇ ಅದು ವಿಚಿತ್ರ ಅನಿಸಿತೇನೋ, ನಕ್ಕಳು. ಆ ನಗೆಯಲ್ಲೂ ಸದ್ದಿರಲಿಲ್ಲ. ನಾನು ಹೆದರಿ ಆಯಿಯ ಹಿಂದೆ ಸರಿದುಕೊಂಡೆ.

ಅಪ್ಪ ಅಂದು ಸಂಜೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ನನಗೆ ತಿಳಿಸಿ ಹೇಳಲು ನೋಡಿದ. ಎರಡು ಬೆರಳುಗಳನ್ನು ಕತ್ತರಿಯಂತೆ ಹಿಡಿದು ಕೂಡಿಸಿ, ಬಿಡಿಸಿ, ಆಮೇಲೆ ಒಂದು ಬೆರಳನ್ನು ಹಾಗೇ ನಿಲ್ಲಿಸಿ ಇನ್ನೊಂದನ್ನಷ್ಟೇ ಅಲ್ಲಾಡಿಸಿದ.

"ಗಂಟಲಾಗ ಎರಡು ಎಳಿ ಇರ್ತಾವಂತ. ಎರಡೂ ಕೂಡಿದ್ರ ಧ್ವನಿ ಬರ್ತೈತಿ. ನಿಮ್ಮವ್ವಂದು ಒಂದು ಎಳಿ ನಿಂತುಬಿಟ್ಟೈತಿ. ಅದರ ನರ ಗಂಟಿಗೆ ಅಂಟಿಕೊಂಡಿತ್ತಂತ, ತಗೀವಾಗ ಪೆಟ್ಟಾಗೈತಿ."

ತಿರುಗಿ ಯಾವಾಗ ಬರುತ್ತದೆ ಎಂದು ಕೇಳಿದೆ. ಬಂದರೂ ಬರಬಹುದು, ಕಾಯಬೇಕು ಎಂದು ಡಾಕ್ಟರ್ ಹೇಳಿದ್ದಾರೆ ಎಂದ. ನಾವು ಕಾದೆವು. ಜೋಳದ ರಾಶಿ ಮುಗಿಯಿತು, ಬೇಸಿಗೆ ಬಂತು, ತೊಗರಿ ಬಿತ್ತಿದರು. ಗಾಯ ಮಾಯ್ದು ಕೊರಳ ಮೇಲೆ ಸಣ್ಣ ಗೆರೆ ಉಳಿಯಿತು. ಯಾರದೋ ಕಣ್ಣು ಬಿದ್ದಿದೆ ಎಂದು ಆಯಿ ಅಮಾವಾಸ್ಯೆಗೊಮ್ಮೆ ಒಣಮೆಣಸಿನಕಾಯಿ ಉಪ್ಪು ಇಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟಿಗೆ ನಾನೂ ಆಯಿಯೂ ಕೆಮ್ಮುತ್ತಿದ್ದೆವು. ಅವ್ವನೂ ಕೆಮ್ಮುತ್ತಿದ್ದಳು, ಆದರೆ ಅವಳ ಕೆಮ್ಮಿಗೂ ಬಲವಿರಲಿಲ್ಲ. ನೀರು ಕುಡಿಯುವುದೇ ಅವಳಿಗೊಂದು ಕೆಲಸವಾಗಿತ್ತು. ಅವಸರ ಮಾಡಿದರೆ ನೆತ್ತಿಗೇರಿ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೇ ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆ ಒಂದು ಬದಿಗೆ ಹೊರಳಿಸಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅವಳು ನೀರು ಕುಡಿದು ತಂಬಿಗೆ ಕೆಳಗಿಡುವವರೆಗೆ ನಾನು ಉಸಿರು ಹಿಡಿದು ಕೂಡುತ್ತಿದ್ದೆ.

ಪಿಸುಗುಟ್ಟುವವರೊಡನೆ ಮಾತಾಡುವವರೂ ಪಿಸುಗುಟ್ಟುತ್ತಾರೆ ಎಂಬುದನ್ನು ನಾನು ಕಂಡುಕೊಂಡದ್ದು ಆಗ. ಪಕ್ಕದ ಮನೆಯ ಶಾಂತಕ್ಕ ಮಜ್ಜಿಗೆ ಕೇಳಲು ಬಂದರೂ ಅವ್ವನ ಮುಂದೆ ದನಿ ತಗ್ಗಿಸುತ್ತಿದ್ದಳು. ಹಾಲು ಹಾಕಿಸಿಕೊಳ್ಳಲು ಬಂದವರೂ ಹಾಗೇ. ಹೊರಗಿನಿಂದ ನೋಡಿದರೆ ನಮ್ಮ ಮನೆಯಲ್ಲಿ ಯಾರೋ ಕಾಯಿಲೆಯವರು ಮಲಗಿದ್ದಾರೆ ಅನ್ನಬೇಕು. ಮೊದಲ ಕೆಲವು ತಿಂಗಳು ಹೆಂಗಸರು ಬಂದು ಕೂತು, ಬಾಗಿ, ಕಿವಿಗೊಟ್ಟು ಕೇಳಿದರು. ಬಾಗಿ ಕೇಳುವುದು ಎಷ್ಟು ದಿನ ಸಾಧ್ಯ? ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನೀರಿಗೆ ಹೋದ ಕಡೆ ಅವಳು ಪಕ್ಕದವಳಿಗೆ ಏನಾದರೂ ಹೇಳಿದರೆ, ಆಚೆ ನಿಂತವರಿಗೆ ತಮ್ಮ ಬಗ್ಗೆಯೇ ಗುಟ್ಟು ಹೇಳುತ್ತಿದ್ದಾಳೆ ಅನಿಸುತ್ತಿತ್ತಂತೆ. ಇದನ್ನು ಶಾಂತಕ್ಕ ಅವ್ವನಿಗೆ ಹೇಳಿದಳು. ಅಂದಿನಿಂದ ಅವ್ವ ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು.

ಸಂಜೆ ಬಹಳ ಕಷ್ಟದ ಹೊತ್ತಾಗಿತ್ತು. ಅಗಸಿಯ ಹತ್ತಿರ ನಾವು ಹುಡುಗಿಯರು ಆಡುತ್ತಿದ್ದಾಗ ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ಮನೆಯಿಂದ ತಾಯಂದಿರು ಕೂಗುತ್ತಿದ್ದರು. ಒಬ್ಬಳು ಹೋಗುತ್ತಿದ್ದಳು, ಆಮೇಲೆ ಇನ್ನೊಬ್ಬಳು. ನನ್ನ ಹೆಸರು ಯಾರೂ ಕೂಗುತ್ತಿರಲಿಲ್ಲ. ಅವ್ವ ಕೆಲವು ದಿನ ಬಾಗಿಲಲ್ಲಿ ನಿಂತು ಹಿತ್ತಾಳೆ ತಾಟಿಗೆ ಸೌಟಿನಿಂದ ಬಡಿದು ನೋಡಿದಳು. ಹುಡುಗಿಯರು ನಕ್ಕರು. ಮರುದಿನ ಶಾಲೆಯಲ್ಲಿ ಒಬ್ಬಳು ಬೆಂಚು ಬಡಿದು ಏ ನೀಲಾ, ನಿಮ್ಮವ್ವ ಕರೀತಾಳ ಎಂದಳು. ಮನೆಗೆ ಬಂದು ತಾಟು ಬಡಿಯಬೇಡ ಎಂದು ಅವ್ವನಿಗೆ ಹೇಳಿದೆ. ಅವಳು ಏಕೆ ಎಂದು ಕೇಳಲಿಲ್ಲ, ಬಡಿಯುವುದನ್ನು ಬಿಟ್ಟಳು. ಆಮೇಲೆ ನಾನು ಕತ್ತಲಾಗುವುದನ್ನು ನೋಡಿಕೊಂಡು ನಾನೇ ಮನೆಗೆ ಬರುತ್ತಿದ್ದೆ. ಸ್ವಲ್ಪ ದಿನಕ್ಕೆ ಆಟಕ್ಕೆ ಹೋಗುವುದೇ ನಿಂತಿತು. ಮನೆಯಲ್ಲಿ ನನಗೆ ಕೆಲಸ ಹೆಚ್ಚಾಗಿತ್ತು.

ನನ್ನ ಕೆಲಸ ಮಾತಾಡುವುದು. ಅವ್ವನಿಗೆ ದನಿ ಇಲ್ಲ, ಆಯಿಗೆ ಕಿವಿ ಇಲ್ಲ, ನಡುವೆ ನಾನು. ಅವ್ವ ಒಲೆಯ ಮುಂದೆ ಕೂತು ಪಿಸುಗುಟ್ಟಿದ್ದನ್ನು ನಾನು ಪಡಸಾಲೆಗೆ ಬಂದು ಆಯಿಯ ಕಿವಿಯ ಹತ್ತಿರ ಕೂಗಿ ಹೇಳಬೇಕು, ಆಯಿಯ ಉತ್ತರವನ್ನು ಒಳಗೆ ಒಯ್ಯಬೇಕು. ಆಯಿಯ ಉತ್ತರ ಒಳಗೂ ಕೇಳಿಸಿರುತ್ತಿತ್ತು, ಆದರೂ ನಾನು ಹೋಗಿ ಹೇಳುತ್ತಿದ್ದೆ. ಅಂಗಡಿಯಲ್ಲಿ, ಗಿರಣಿಯಲ್ಲಿ, ಬಸ್ಸಿನಲ್ಲಿ ಅವ್ವನ ಪರವಾಗಿ ನಾನೇ ಮಾತಾಡುತ್ತಿದ್ದೆ. ಸಣ್ಣ ಹುಡುಗಿ ಎಷ್ಟು ಚಲೋ ಮಾತಾಡ್ತಾಳ ಅನ್ನುತ್ತಿದ್ದರು. ನಾನು ಆಡುತ್ತಿದ್ದದ್ದು ನನ್ನ ಮಾತಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಜಗಳದ ದಿನ ಮಾತ್ರ ತಿಳಿಯುತ್ತಿತ್ತು. ಒಮ್ಮೆ ಪಂಚಮಿಗೆ ಅವ್ವ ತವರಿಗೆ ಹೋಗಬೇಕೆಂದಳು. ಎಮ್ಮೆ ಈಯುವ ದಿನ ಹತ್ತಿರ ಬಂದಿದೆ, ಹೋಗಕೂಡದು ಎಂದಳು ಆಯಿ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಹೋಗಿ ಹೇಳು. ನನ್ನ ದನಿ ಹೋಗೇತಿ, ಜೀವ ಹೋಗಿಲ್ಲ. ಜೀವಾ ಹೋದ ಮ್ಯಾಲಾದ್ರೂ ತವರಿಗೆ ಹೇಳಿ ಕಳಸ್ರಿ ಅಂತ ಹೇಳು."

ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಆ ಮಾತನ್ನು ನಾನು ಏನು ಮಾಡಬೇಕೆಂದು ಯೋಚಿಸಬೇಕಿತ್ತು. ಆಯಿಯ ಕಿವಿಯಲ್ಲಿ, ಎಮ್ಮೆ ಈದ ಮೇಲೆ ಹೋಗುತ್ತಾಳಂತೆ ಎಂದು ಕೂಗಿದೆ. ಆಯಿಗೆ ಸಮಾಧಾನವಾಗಿ, ಶಾಣೆ ಸೊಸೆ ಎಂದಳು. ಅದನ್ನೇ ಒಳಗೆ ಬಂದು ಹೇಳಿದೆ. ನಾನು ಕೂಗಿದ್ದು ಅವ್ವನಿಗೂ ಕೇಳಿಸಿತ್ತು. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ರೊಟ್ಟಿ ತಟ್ಟತೊಡಗಿದಳು. ಅಂದಿನಿಂದ ನಾನು ಹೇಗೆ ಬದಲಿಸಿದರೂ ಅವಳು ತಡೆಯಲಿಲ್ಲ. ಮಧ್ಯಾಹ್ನ ಮೂವರೂ ಕೂತು ಪುಂಡಿ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಹಾಕಿಕೊಂಡು ಉಂಡೆವು. ಅತ್ತೆಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಸೊಸೆಯ ಸಿಟ್ಟು ಅತ್ತೆಗೆ ಮುಟ್ಟಿರಲಿಲ್ಲ. ಹೇಳದೆ ಬಿಟ್ಟ ಮಾತುಗಳನ್ನೆಲ್ಲ ನಾನೇ ಇಟ್ಟುಕೊಂಡಿರುತ್ತಿದ್ದೆ. ಅವುಗಳನ್ನು ಯಾರ ಮುಂದೆ ಹೇಳುವುದು? ಹೇಳಲು ಇದ್ದವರು ಆ ಇಬ್ಬರೇ.

ಅಪ್ಪ ಬಂದ ದಿನವೂ ಬೇರೆಯೇನಿರಲಿಲ್ಲ. ಇಡೀ ದಿನ ಎಂಜಿನ್ನಿನ ಪಕ್ಕ ಕೂತು ಅವನ ಕಿವಿಯೂ ಗುಂಯ್ ಅನ್ನುತ್ತಿತ್ತೋ ಏನೋ, ಅವ್ವ ಹತ್ತಿರ ಬಂದು ಹೇಳಿದರೂ ಏನು ಎಂದು ಕೇಳಿ ನನ್ನ ಕಡೆ ನೋಡುತ್ತಿದ್ದ. ಮಗಳ ಬಾಯಿಂದ ಹೇಳಿಸಲು ಬರುವಂಥ ಮಾತನ್ನಷ್ಟೇ ಅವ್ವ ಗಂಡನಿಗೆ ಹೇಳತೊಡಗಿದಳು. ಹಿಟ್ಟು ಮುಗಿದಿದೆ, ಮಾಳಿಗೆ ಸೋರುತ್ತಿದೆ, ಆಯಿಗೆ ಕಾಲು ನೋವು. ಇದಲ್ಲದೆ ಗಂಡ ಹೆಂಡತಿ ಆಡಿಕೊಳ್ಳುವ ಮಾತುಗಳು ಬೇರೆ ಇರುತ್ತವೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಉಂಡಾದ ಮೇಲೆ ಅಪ್ಪ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ, ಅವ್ವ ಒಳಗೆ ಕೂಡುತ್ತಿದ್ದಳು. ಇಬ್ಬರ ನಡುವಿನ ಪಡಸಾಲೆಯಲ್ಲಿ ನಾನು, ಯಾರಾದರೂ ಕರೆದಾರು ಎಂದು ಎಚ್ಚರವಾಗಿರುತ್ತಿದ್ದೆ.

ಆರನೇ ಇಯತ್ತೆಯಲ್ಲಿ ನನಗೆ ಮಂಗನಬಾವು ಬಂತು. ಎರಡೂ ಗಲ್ಲ ಊದಿ ಬಾಯಿ ತೆರೆಯಲು ಬರುತ್ತಿರಲಿಲ್ಲ, ಮೈ ಸುಡುತ್ತಿತ್ತು. ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ ನನಗೆ ಇದ್ದ ಚಿಂತೆ ಒಂದೇ, ಇವರಿಬ್ಬರೂ ಈಗ ಏನು ಮಾಡುತ್ತಾರೆ. ಕಣ್ಣು ಬಿಟ್ಟಾಗ ಅವರು ಎದುರುಬದುರು ಕೂತು ಬೇಳೆ ಹಸನು ಮಾಡುತ್ತಿದ್ದರು. ಅವ್ವ ಆಯಿಯ ಮೊಣಕಾಲು ತಟ್ಟಿದಳು. ಆಯಿ ತಲೆ ಎತ್ತಿ ಅವಳ ಬಾಯಿಯನ್ನೇ ನೋಡಿದಳು. ಅವ್ವ ನಿಧಾನವಾಗಿ ತುಟಿ ಅಲ್ಲಾಡಿಸಿದಳು, ನನ್ನ ಕಡೆ ಕೈ ಮಾಡಿದಳು, ಹಣೆ ಮುಟ್ಟಿಕೊಂಡಳು. ಜ್ವರ ನಾಳಿಗೆ ಇಳೀತೈತಿ ತಗೋ ಎಂದಳು ಆಯಿ. ಅವ್ವ ಮತ್ತೇನೋ ಅಂದಳು. ಆಯಿಗೆ ಅದೂ ತಿಳಿಯಿತು. ಆಮೇಲೆ ಯಾವುದಕ್ಕೋ ಇಬ್ಬರೂ ನಕ್ಕರು, ಆಯಿ ಬಾಯಿ ತುಂಬ, ಅವ್ವ ಸದ್ದಿಲ್ಲದೆ, ಹೆಗಲು ಕುಣಿಸುತ್ತ. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ಎಂದಿನಿಂದಲೋ ಏನೋ. ನಾನು ಕೈಗೆ ಸಿಗುತ್ತಿದ್ದುದರಿಂದ ಆ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೆ. ನನಗೆ ಸಂತೋಷವಾಗಬೇಕಿತ್ತು. ಕೌದಿಯನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಹೊರಳಿದೆ. ಬಾವು ಇಳಿದ ದಿನವೇ ಅವ್ವ ಒಳಗಿನಿಂದ ಸನ್ನೆ ಮಾಡಿ ಕರೆದು, ಆಯಿಗೆ ಚಹಾ ಬೇಕೇನು ಕೇಳು ಎಂದಳು. ಹೋಗಿ ಕೇಳಿದೆ.

ಈಗ ನಾನು ಮುದ್ದೇಬಿಹಾಳದಲ್ಲಿ ಒಬ್ಬಳೇ ಇದ್ದೇನೆ. ಶಾಲೆಯ ನೌಕರಿಯಿಂದ ನಿವೃತ್ತಳಾಗಿ ಕೆಲವು ವರ್ಷವಾಯಿತು. ನೌಕರಿಯಲ್ಲಿದ್ದಷ್ಟು ಕಾಲ ಉಳಿದ ಟೀಚರುಗಳು ತಮ್ಮ ರಜೆ, ತಕರಾರು, ಬೇಡಿಕೆ ಎಲ್ಲವನ್ನೂ ನನ್ನ ಬಾಯಿಂದಲೇ ಹೆಡ್‌ಮಾಸ್ತರರಿಗೆ ಹೇಳಿಸುತ್ತಿದ್ದರು. ನೀವು ಹೇಳಿದ್ರ ಕೇಳ್ತಾರ್ರಿ ಎನ್ನುತ್ತಿದ್ದರು. ನನಗೂ ಅದು ಸುಲಭವಾಗಿ ಬರುತ್ತಿತ್ತು. ನನ್ನದೇ ಒಂದು ರಜೆ ಕೇಳಬೇಕಾದಾಗ ಮಾತ್ರ ಬಾಗಿಲ ಹತ್ತಿರ ಹೋಗಿ ತಿರುಗಿ ಬಂದದ್ದುಂಟು.

ಅವ್ವನನ್ನು ಮತ್ತೆ ಡಾಕ್ಟರಿಗೆ ತೋರಿಸಿದ್ದು ನಾನು ಏಳನೇ ಇಯತ್ತೆಯಲ್ಲಿದ್ದಾಗ. ಮುದ್ದೇಬಿಹಾಳಕ್ಕೆ ಕಿವಿ ಗಂಟಲು ನೋಡುವ ಹೆಣ್ಣು ಡಾಕ್ಟರ್ ಬಂದಿದ್ದಾರೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಅವನಿಗೆ ಡ್ಯೂಟಿ ಇತ್ತು. ತನ್ನ ಬಸ್ಸಿನಲ್ಲೇ ನಮ್ಮಿಬ್ಬರನ್ನು ತಂದು ದವಾಖಾನೆಯ ಮುಂದೆ ಇಳಿಸಿ ಹೋದ. ಡಾಕ್ಟರು ಅವ್ವನ ನಾಲಗೆಯನ್ನು ಬಟ್ಟೆಯಿಂದ ಹಿಡಿದು, ಸಣ್ಣ ಕಡ್ಡಿಯ ತುದಿಯ ಕನ್ನಡಿಯನ್ನು ಒಳಗಿಟ್ಟು, 'ಈ' ಅನ್ನಲು ಹೇಳಿ ಬಹಳ ಹೊತ್ತು ನೋಡಿದರು. ಆಮೇಲೆ ಏನೇನು ತ್ರಾಸು ಎಂದು ಕೇಳಿದರು. ರೂಢಿಯಂತೆ ನಾನು ಹೇಳತೊಡಗಿದೆ. ಅವರು ನನ್ನ ಕಡೆ ನೋಡದೆ ಕೈ ಎತ್ತಿದರು.

"ನಾ ನಿನ್ನ ಕೇಳಿಲ್ಲವ್ವಾ. ಅವರಽ ಹೇಳ್ಲಿ. ನನಗೇನು ಅವಸರ ಇಲ್ಲ."

ಕುರ್ಚಿ ಎಳೆದುಕೊಂಡು ಅವ್ವನ ಬಾಯಿಗೆ ಕಿವಿ ಕೊಟ್ಟು ಕೂತರು. ಅವ್ವ ಮೊದಲು ನನ್ನನ್ನು ನೋಡಿದಳು, ಆಮೇಲೆ ಹೇಳತೊಡಗಿದಳು. ಅಷ್ಟು ವರ್ಷ ಅವಳ ಮಾತನ್ನೆಲ್ಲ ನಾನೇ ಆಡಿದ್ದೇನೆ ಎಂದುಕೊಂಡಿದ್ದ ನಾನು ಕೇಳಿರದ ಮಾತುಗಳು ಅವು. ಕನಸಿನಲ್ಲಿ ಕೂಗುತ್ತೇನೆ, ಆಗ ದನಿ ಮೊದಲಿನ ಹಾಗೆಯೇ ಇರುತ್ತದೆ, ಎಚ್ಚರಾದ ಮೇಲೆ ಗಂಟಲು ಹಿಡಿದುಕೊಂಡು ಕೂಡುತ್ತೇನೆ ಎಂದಳು. ಹೊಲದಲ್ಲಿ ಒಬ್ಬಳೇ ಇದ್ದಾಗ ಹಾವು ಕಂಡರೆ, ಮನೆಯಲ್ಲಿ ಬೆಂಕಿ ಬಿದ್ದರೆ ಯಾರನ್ನೂ ಕರೆಯಲಾರೆ ಎಂದು ಅಂಜಿಕೆ ಎಂದಳು. ನಾನು ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದೆ. ನಿಂತ ಎಳೆ ಇನ್ನು ಅಲ್ಲಾಡುವುದಿಲ್ಲ, ಆದರೆ ಗಟ್ಟಿ ಇರುವ ಇನ್ನೊಂದಕ್ಕೆ ರೂಢಿ ಮಾಡಿಸಿದರೆ ಅದು ನಡುವಿನ ಗೆರೆ ದಾಟಿ ಇದರ ಹತ್ತಿರ ಬಂದು ಮುಟ್ಟಬಹುದು ಎಂದರು ಡಾಕ್ಟರು. ಅದಕ್ಕೆ ದಿನಾಲು ಎರಡೂ ಅಂಗೈಯಿಂದ ಗೋಡೆಯನ್ನು ಜೋರಾಗಿ ನೂಕುತ್ತ 'ಆ' ಎನ್ನಬೇಕು. ಬೇಸರ ಮಾಡಿಕೊಂಡು ಬಿಡಬಾರದು.

ಅಂದಿನಿಂದ ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ಅವ್ವ ಅಡುಗೆಮನೆಯ ಗೋಡೆಗೆ ಕೈ ಕೊಟ್ಟು ನೂಕುತ್ತಿದ್ದಳು. ಕೊರಳ ನರಗಳು ಉಬ್ಬುತ್ತಿದ್ದವು, ಮುಖ ಕೆಂಪಾಗುತ್ತಿತ್ತು, ಬರುತ್ತಿದ್ದದ್ದು ಉಸಿರೇ. ನಿಮ್ಮವ್ವ ಗ್ವಾಡಿ ಕೆಡವ್ತಾಳ, ಬ್ಯಾಡ ಅನ್ನು ಎಂದು ಆಯಿ ನನಗೆ ಹೇಳುತ್ತಿದ್ದಳು. ಅದನ್ನು ನಾನು ಒಳಗೆ ಒಯ್ಯುತ್ತಿರಲಿಲ್ಲ. ಗೋಡೆಯ ಸುಣ್ಣ ಸವೆದು ಎರಡು ಕಡೆ ಮಣ್ಣು ಕಾಣತೊಡಗಿತು. ಧ್ವನಿ ಬರುವ ಸುದ್ದಿ ಇರಲಿಲ್ಲ. ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತಿತ್ತು, ಮುಂದೆ ಓದಲು ನನ್ನನ್ನು ಮುದ್ದೇಬಿಹಾಳದ ಹಾಸ್ಟೆಲಿಗೆ ಹಾಕಿದರು. ಹೋಗುವ ದಿನ ಅವ್ವ ಟ್ರಂಕಿನಲ್ಲಿ ಶೇಂಗಾ ಹೋಳಿಗೆ ಇಟ್ಟು, ಬಸ್ಸಿನವರೆಗೆ ಬಂದು, ಬಸ್ಸು ಹೊರಟಾಗ ಏನೋ ಅಂದಳು. ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ನಾನು ತಲೆಯಾಡಿಸಿದೆ.

ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಬಹಳ ಹುಡುಗಿಯರಿದ್ದೆವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರೂ ಯಾರಿಗೂ ಏನನ್ನೂ ಮುಟ್ಟಿಸಬೇಕಾಗಿರಲಿಲ್ಲ. ನಾನು ಟ್ರಂಕಿನ ಮೇಲೆ ಕೂತು ಕೇಳುತ್ತಿದ್ದೆ. ಇಡೀ ದಿನ ಹಾಜರಿಗೆ ಎಸ್ ಎಂದದ್ದು ಬಿಟ್ಟರೆ ಬೇರೆ ಮಾತಾಡದ ದಿನಗಳೂ ಇದ್ದವು. ಅಪ್ಪ ಡ್ಯೂಟಿಗೆ ಬಂದಾಗ ಗೇಟಿನ ಹತ್ತಿರ ಬಂದು ಬಾಳೆಹಣ್ಣು ಕೊಟ್ಟು ಎಲ್ಲಾ ಬರೋಬರಿ ಐತಿ ಹೌದಿಲ್ಲೋ ಎಂದು ಕೇಳಿ ಹೋಗುತ್ತಿದ್ದ. ಮನೆಯ ಸುದ್ದಿ ಏನೂ ಹೇಳುತ್ತಿರಲಿಲ್ಲ. ಅವ್ವನೇ ಹೇಳಬೇಡ ಎಂದಿದ್ದಳು ಎಂದು ಆಮೇಲೆ ಗೊತ್ತಾಯಿತು.

ದಸರೆಯ ರಜೆಗೆ ಊರಿಗೆ ಬಂದೆ. ಬಸ್ಸಿಳಿದು ಟ್ರಂಕು ಹೊತ್ತು ಮನೆಯ ಬಾಗಿಲಿಗೆ ಬಂದಾಗ ಒಳಗೆ ಯಾರೋ ಗಂಡಸಿನ ದನಿ. ಒರಟು, ಒಡೆದ ದನಿ. ಯಾರೋ ಬಂದಿದ್ದಾರೆ ಎಂದು ಹೊಸ್ತಿಲಲ್ಲೇ ನಿಂತೆ. ಆ ದನಿ ಎಮ್ಮೆಯನ್ನು ಬೈಯುತ್ತಿತ್ತು. ಅವ್ವ ಬುಟ್ಟಿ ಹಿಡಿದು ಎಮ್ಮೆಯ ಆ ಕಡೆಯಿಂದ ಎದ್ದು ನಿಂತಳು. ನನ್ನನ್ನು ಕಂಡು ಹೆಸರು ಹಿಡಿದು ಕರೆದಳು. ಮೊದಲಿನ ದನಿ ಅದಲ್ಲ, ಅರ್ಧ ಮಾತಿಗೆ ಸೀಳುತ್ತಿತ್ತು, ಆದರೂ ದನಿ. ಪಡಸಾಲೆಯಲ್ಲಿದ್ದ ಆಯಿ, ನೋಡಿದೇನ ನಿಮ್ಮವ್ವನ, ಈಗ ದಿನಾ ನನ್ನ ಕೂಡ ತಾನಽ ಜಗಳಾಡ್ತಾಳ ಎಂದಳು. ಅವಳ ಮುಖದಲ್ಲಿ ಹಿಗ್ಗಿತ್ತು. ಅಂದು ಮಧ್ಯಾಹ್ನದವರೆಗೂ ಅವರಿಬ್ಬರೂ ಕೂಗಾಡಿ ಮಾತಾಡಿದರು. ಉಪ್ಪು ಹೆಚ್ಚಾದದ್ದು, ಶಾಂತಕ್ಕನ ಮಗಳಿಗೆ ಗಂಡು ಗೊತ್ತಾದದ್ದು. ಶಾಂತಕ್ಕನೂ ಬಂದು ಕೂತು ಹೋದಳು. ನಾನು ಕಂಬದ ಹತ್ತಿರ ಕೂತೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.

ಆಯಿಗೆ ಊಟ ಹಾಕಿ ಮಲಗಿಸಿದ ಮೇಲೆ ಅವ್ವ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡು ಬಿಸಿ ರೊಟ್ಟಿ ತಟ್ಟಿ ಹಾಕತೊಡಗಿದಳು. ಹಾಸ್ಟೆಲ್ ಹೇಗಿದೆ ಎಂದು ಕೇಳಿದಳು. ವಾರ್ಡನ್ ಬಾಯಿಯವರು ಹೀಗೆನ್ನುತ್ತಾರೆ, ಗಣಿತದ ಸರ್ ಹಾಗೆನ್ನುತ್ತಾರೆ, ಪಕ್ಕದ ಹಾಸಿಗೆಯ ಹುಡುಗಿ ಇಂಡಿ ಊರಿನವಳು, ಅವಳು ಹೀಗೆ ಹೇಳಿದಳು ಎಂದೆಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡಳು.

"ಅವರ ಮಾತ ಅತ್ತಾಗಿರ್ಲಿ. ನೀ ಹೆಂಗ ಅದಿ?"

ಚಲೋ ಅದೀನಿ ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಳು. ನನಗೆ ಏನಾದರೂ ಹೇಳಬೇಕು ಅನಿಸಿತು. ಹೇಳಲು ಬಾಯಿ ತೆರೆದರೆ ಎಲ್ಲಿಂದ ಹಿಡಿಯಬೇಕು ತಿಳಿಯಲಿಲ್ಲ. ಯಾರದಾದರೂ ಮಾತು ಕೊಟ್ಟರೆ ಹೇಳಬಲ್ಲೆ, ನನ್ನದೇ ಹೇಳು ಅಂದರೆ ಹೇಗೆ? ಬಹಳ ಹೊತ್ತಾದ ಮೇಲೆ ಒಂದು ಮಾತು ಬಂತು.

"ಅಲ್ಲಿ ನನಗ ಯಾರೂ ಇಲ್ಲವ್ವಾ."

ಅವಳ ಹೊಸ ದನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮೆಲ್ಲಗೆ ಹೇಳಲು ಹೋಗಿ ಅದು ಎರಡು ಸಲ ಸೀಳಿತು. ಮೂರನೆಯ ಸಲಕ್ಕೆ ಬಂತು.

"ಇಲ್ಲೂ ನಿನಗ ಯಾರೂ ಇರ್ಲಿಲ್ಲ. ನನಗ ಗೊತ್ತೈತಿ."

ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಪಡಸಾಲೆಯಿಂದ ಆಯಿ ಕುಡಿಯಲು ನೀರು ಕೇಳಿದಳು. ಬಂದೆ ತಡೀರಿ ಅತ್ತಿ ಎಂದು ಅವ್ವ ಕೂತಲ್ಲಿಂದಲೇ ಕೂಗಿದಳು. ಆದರೆ ಏಳಲಿಲ್ಲ.